ತಳದ ಹಣ್ಣು ತೋರಿಸು

ಇವತ್ತು ಬೆಳಿಗ್ಗೆ ನನ್ನ ಸೊಸೆ ನನ್ನನ್ನು ಬೈದಳು. ಈ ಸುದ್ದಿಯನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಒಂದು ಸಲವಲ್ಲ, ಎರಡು ಸಲ. ಎರಡನೆಯ ಸಲ ಸೌಟು ಹಿಡಿದುಕೊಂಡೇ ಬೈದಳು. ನಾನು ಬೀದಿಗೆ ಓಡಿಬಂದು, "ನಮ್ ಸುಜಾತ ನನ್ನ ಬೈದ್ಲು ಕಣ್ರೇ!" ಎಂದು ಕೂಗಿದೆ. ಎದುರುಮನೆಯಾಕೆ ಪಾಪ, "ಅಯ್ಯೋ, ಹೋಗ್ಲಿ ಬಿಡಕ್ಕಾ, ಈಗಿನ್ ಕಾಲ್ದೋರು ಹಂಗೇಯಾ" ಎಂದು ಸಮಾಧಾನ ಹೇಳಲು ಬಂದಳು. ಅವಳ ಬಾಯಿಗೆ ಒಂದು ಚೂರು ಬೆಲ್ಲ ಹಾಕಿ ಕಳಿಸಿದೆ. ಸೊಸೆ ಬೈದಳೆಂದು ಬೆಲ್ಲ ಹಂಚಿದ ಅತ್ತೆ ಈ ರಾಯಕೋಟೆಯಲ್ಲಿ ನಾನೊಬ್ಬಳೇ ಇರಬೇಕು.

ಬೈದದ್ದು ಏನಂತೀರಿ? "ಏನತ್ತೆ, ಊರಿಗೆಲ್ಲಾ ಒಳ್ಳೇ ಹಣ್ಣು ಆರ್ಸಿ ಕೊಟ್ಬುಟ್ಟು ಮನೇಗ್ ಮಾತ್ರ ಒಡೆದಿರೋದೇ ತತ್ತೀರಾ? ನಾವೇನ್ ದನಾನಾ?" ನ್ಯಾಯವಾದ ಮಾತು. ನಾನು ಟೊಮೇಟೊ ಮಂಡಿಯಲ್ಲಿ ಹಣ್ಣು ಆರಿಸುವವಳು. ಮೂವತ್ತು ವರ್ಷದಿಂದ ಅದೇ ಕೆಲಸ. ದಪ್ಪನೆಯದು ಒಂದು ಕಡೆ, ಸಣ್ಣದು ಒಂದು ಕಡೆ, ಒಡೆದದ್ದು, ಮಚ್ಚೆ ಬಿದ್ದದ್ದು ಸಂಜೆಗೆ ಆರಿಸುವವರ ಸೆರಗಿಗೆ. ಅದು ಮಂಡಿಯ ವಾಡಿಕೆ. ಹಾಗಾಗಿ ಇಡೀ ತಮಿಳುನಾಡಿಗೆ ಚಂದದ ಹಣ್ಣು ಕಳಿಸಿದ ನಮ್ಮ ಮನೆಯ ಸಾರಿನಲ್ಲಿ ಚಂದದ ಹಣ್ಣು ಬಿದ್ದದ್ದೇ ಇಲ್ಲ. ಇದನ್ನು ಸುಜಾತ ಮದುವೆಯಾಗಿ ಬಂದ ವಾರದಿಂದಲೂ ಹೇಳುತ್ತಿದ್ದಳು. ಎಂಟು ತಿಂಗಳಿಂದ ಮಾತ್ರ ಹೇಳಿರಲಿಲ್ಲ.

ಎಂಟು ತಿಂಗಳಿಂದ ಅವಳು ಏನನ್ನೂ ಹೇಳಿರಲಿಲ್ಲ. ಬಸ್ಸಿನ ಕಂಡಕ್ಟರ ಜೊತೆ ಜಗಳವನ್ನು ಕನ್ನಡದಲ್ಲಿ ಶುರುಮಾಡಿ, ತಮಿಳಿನಲ್ಲಿ ಏರಿಸಿ, ತೆಲುಗಿನಲ್ಲಿ ಗೆದ್ದು ಇಳಿಯುತ್ತಿದ್ದ ಹೆಂಗಸು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ತಲೆ ಬಾಚುತ್ತಿರಲಿಲ್ಲ. ತಟ್ಟೆಯಲ್ಲಿ ಅನ್ನ ಆರಿ ಹೋಗುತ್ತಿತ್ತು. ನಾನು ಕಾರಣ ಹುಡುಕಿದೆ. ಯಾರೂ ಸತ್ತಿಲ್ಲ. ಮಗ ನಾಗರಾಜ ಹೊಸೂರಿನ ಫ್ಯಾಕ್ಟರಿಗೆ ಹೋಗುತ್ತಾನೆ, ಬರುತ್ತಾನೆ, ಕುಡಿತವಿಲ್ಲ. ನಾನೇ ಏನಾದರೂ ಅಂದೆನಾ ಎಂದು ನೆನಪು ಮಾಡಿಕೊಂಡೆ. ಅಂದದ್ದು ಬೇಕಾದಷ್ಟಿತ್ತು, ಆದರೆ ಹೊಸದೇನೂ ಇರಲಿಲ್ಲ. ಕಾರಣ ಸಿಗದಿದ್ದಾಗ ನಾನೇ ಚಿಕಿತ್ಸೆ ಶುರುಮಾಡಿದೆ. ದಿನಾ ಬೆಳಿಗ್ಗೆ ಹಾಸಿಗೆಯ ಪಕ್ಕ ನಿಂತು, "ಮನ್ಸು ಗಟ್ಟಿ ಮಾಡ್ಕೊಳೇ. ಬೇಗ ಎದ್ದು ನಾಲ್ಕ್ ಹೆಜ್ಜೆ ನಡಿ. ನಗ್ತಾ ಇರು, ಎಲ್ಲಾ ಸರಿಹೋಯ್ತದೆ" ಎನ್ನುತ್ತಿದ್ದೆ. ಅವಳು ಇನ್ನೂ ಸ್ವಲ್ಪ ಗೋಡೆಯ ಕಡೆ ಸರಿಯುತ್ತಿದ್ದಳು.

ಕೊನೆಗೆ ನಾಗರಾಜ ಅವಳನ್ನು ಹೊಸೂರಿನ ಮನಸ್ಸಿನ ಡಾಕ್ಟರಿಗೆ ತೋರಿಸಿದ. ಇದು ಡಿಪ್ರೆಶನ್ ಎನ್ನುವ ಕಾಯಿಲೆ ಎಂದು ಅವರು ಮಾತ್ರೆ ಬರೆದುಕೊಟ್ಟರು. ಹತ್ತು ದಿನವಾಯಿತು. ಬಾಯಿ ಒಣಗಿತು, ಹಗಲೆಲ್ಲ ತೂಕಡಿಕೆ ಬಂತು, ಗುಣ ಮಾತ್ರ ಕಾಣಲಿಲ್ಲ. ಬೀದಿಯವರೆಲ್ಲ, "ಆ ಮಾತ್ರೆ ಒಂದ್ ಸಲ ಹಿಡಿದ್ರೆ ಸಾಯೋಗಂಟ ಬಿಡಲ್ಲ" ಎಂದು ಹೆದರಿಸಿದರು. ಒಂದು ಶನಿವಾರ ಸುಜಾತ ಮಾತ್ರೆಗಳನ್ನು ತಂದು ನನ್ನ ಕೈಗಿಟ್ಟಳು. "ಬ್ಯಾಡ ಅತ್ತೆ. ಎಲ್ಲಾ ಸಾಕು." ಆ 'ಎಲ್ಲಾ' ಎನ್ನುವ ಮಾತು ನನಗೆ ಹಿಡಿಸಲಿಲ್ಲ. ಅದರೊಳಗೆ ಮಾತ್ರೆಗಿಂತ ದೊಡ್ಡದು ಏನೋ ಇದ್ದಂತೆ ಕಂಡಿತು. ಅವತ್ತಿನಿಂದ ಅವಳನ್ನು ಒಂಟಿಯಾಗಿ ಬಿಡಲಿಲ್ಲ.

ಭಾನುವಾರ ಡಾಕ್ಟರು ಸಿಗುವುದಿಲ್ಲ. "ಕಂಪ್ಯೂಟ್ರಲ್ಲಿ ನೋಡಾಣ" ಎಂದಳು ಸುಜಾತಳ ಮಗಳು, ನನ್ನ ಮೊಮ್ಮಗಳು ದಿವ್ಯ. ಒಂಬತ್ತನೇ ಕ್ಲಾಸು, ಇಂಗ್ಲಿಷ್ ಓದುತ್ತಾಳೆ. ಸುಜಾತಳನ್ನೂ ಕರೆದುಕೊಂಡು ಎಲ್ಲರೂ ಹೊಸೂರು ಬಸ್‌ಸ್ಟಾಂಡಿನ ಹತ್ತಿರದ ಇಂಟರ್‌ನೆಟ್ ಅಂಗಡಿಗೆ ಹೋದೆವು. ನಾಗರಾಜನ ಜೊತೆ ಕೆಲಸ ಮಾಡುವ ಬಿಹಾರದ ಬ್ರಿಜೇಶನೂ ಬಂದ. ಅವನ ಅಕ್ಕನೂ ಊರಿನಲ್ಲಿ ಹೀಗೆಯೇ ಮಲಗಿದ್ದಳಂತೆ. ಅವಳಿಗೆ ಹಿಂದಿ ಬಿಟ್ಟು ಬೇರೆ ಓದಲು ಬರುವುದಿಲ್ಲ. ಕಂಪ್ಯೂಟರ್ ಇಟ್ಟ ಒಂದು ಮರದ ಗೂಡಿನಲ್ಲಿ ಐದು ಜನ. ಸುಜಾತಳಿಗೆ ಸ್ಟೂಲು, ಅವಳು ತಲೆ ಬಗ್ಗಿಸಿ ಕೂತಳು.

ಮೊದಲು ಇಂಗ್ಲಿಷಿನ ಪುಟ ಬಂತು. ಹಲ್ಲು ಬಿಟ್ಟು ನಗುವ ಬಿಳಿ ಹೆಂಗಸಿನ ಚಿತ್ರ. "ಮೂರೇ ದಿನಕ್ಕೆ ವಾಸಿ ಅಂತೈತೆ ಅಜ್ಜಿ" ಎಂದಳು ದಿವ್ಯ.

ನಾನು, "ತಳ ತೋರ್ಸು" ಎಂದೆ.

"ಕಂಪ್ಯೂಟ್ರಿಗೆ ಎಲ್ಲಜ್ಜಿ ತಳ?"

"ತಳ ಇಲ್ದಿರೋ ಬುಟ್ಟಿ ಎಲ್ಲೈತೆ? ಉರುಳ್ಸೇ."

ಮಾರುವವನು ಯಾವಾಗಲೂ ಕೆಂಪು ಹಣ್ಣನ್ನು ಮೇಲಿಡುತ್ತಾನೆ. ಆರಿಸುವವಳು ಮೇಲಿನದನ್ನು ನೋಡುವುದೇ ಇಲ್ಲ. ಕೈ ನೇರವಾಗಿ ತಳಕ್ಕೆ ಹೋಗುತ್ತದೆ. ದಿವ್ಯ ಉರುಳಿಸಿದಳು. ತಳದಲ್ಲಿ, ಡಾಕ್ಟರ ಚೀಟಿ ಇಲ್ಲದೆಯೇ ಮಾತ್ರೆಯನ್ನು ಅಂಚೆಯಲ್ಲಿ ಕಳಿಸುತ್ತೇವೆ ಎಂದಿತ್ತು. "ಮುಚ್ಚು ಅದ್ನ" ಎಂದೆ.

ಆಮೇಲೆ ಹಿಂದಿಯದು. ಬ್ರಿಜೇಶ ಓದುವುದು, ನಾಗರಾಜ ತನ್ನ ಫ್ಯಾಕ್ಟರಿ ಹಿಂದಿಯಿಂದ ಅದನ್ನು ಕನ್ನಡ ಮಾಡುವುದು. "ಮನಸ್ಸು ಗಟ್ಟಿ ಇಟ್ಕೋಬೇಕಂತೆ. ಬೇಗ ಎದ್ದು ನಡೀಬೇಕಂತೆ. ಯಾವಾಗ್ಲೂ ನಗ್ತಾ ಇರ್ಬೇಕಂತೆ. ಮಾತ್ರೆ ವಿಷ, ಬಿಟ್ಬುಡಿ ಅಂತೈತೆ." ನಾನು ತಲೆದೂಗಿದೆ. ಯಾರೋ ತಿಳಿದವರು ಬರೆದಿದ್ದಾರೆ ಎನಿಸಿತು. ಅಷ್ಟರಲ್ಲಿ ದಿವ್ಯ, "ಅಜ್ಜೀ, ಇದು ನೀನ್ ದಿನಾ ಹೇಳೋದೇ!" ಎಂದು ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ಬಹಳ ಹೆಮ್ಮೆಯಾಯಿತು. ಹೆಮ್ಮೆಯಲ್ಲೇ, "ಇದರದ್ದೂ ತಳ ತೋರ್ಸು" ಎಂದುಬಿಟ್ಟೆ. ಬರೆದವರ ಹೆಸರಿಲ್ಲ, ಯಾವತ್ತು ಬರೆದದ್ದೆಂದು ಇಲ್ಲ. ಒಂದು ಡಬ್ಬಿ ಪುಡಿಯ ಚಿತ್ರ, ಪಕ್ಕದಲ್ಲಿ ಫೋನ್ ನಂಬರು. ಅಷ್ಟು ತಿಂಗಳು ನಾನೂ ಅದೇ ಬುಟ್ಟಿಯನ್ನು ಹೊತ್ತಿದ್ದೆ. ಪುಡಿಯೊಂದನ್ನು ಮಾರಿರಲಿಲ್ಲ, ಅಷ್ಟೇ.

"ನಮ್ ಭಾಷೇಲಿ ಇಲ್ವೇನೇ?" ಎಂದೆ. ಒಂದು ಸಿಕ್ಕಿತು. ತೆರೆದರೆ ಅಕ್ಷರದ ಜಾಗದಲ್ಲೆಲ್ಲ ಸಾಲುಸಾಲಾಗಿ ಖಾಲಿ ಚೌಕಗಳು. ಆ ಯಂತ್ರದೊಳಗೆ ಕನ್ನಡದ ಅಕ್ಷರವೇ ಇಲ್ಲವಂತೆ. ಹೋಗಲಿ, ಖಾಲಿ ಪೆಟ್ಟಿಗೆಯಲ್ಲಿ ಕೊಳೆತ ಹಣ್ಣಾದರೂ ಇರುವುದಿಲ್ಲ.

ಕೊನೆಗೆ ಚಿತ್ರವೇ ಇಲ್ಲದ ಬೋಳು ಪುಟವೊಂದು ಇಂಗ್ಲಿಷಿನಲ್ಲಿ ಬಂತು. ನಾನು ಕೇಳುವ ಮೊದಲೇ ದಿವ್ಯ ತಳಕ್ಕೆ ಹೋದಳು. ಬರೆದ ಡಾಕ್ಟರುಗಳ ಹೆಸರಿತ್ತು. ಬರೆದದ್ದನ್ನು ಯಾವತ್ತು ಸರಿನೋಡಿದ್ದು, ಯಾವ ಮಾತನ್ನು ಎಲ್ಲಿಂದ ತಂದದ್ದು, ಎಲ್ಲ ಇತ್ತು. ಮಾರುವುದು ಏನೂ ಇರಲಿಲ್ಲ. "ಕೆಟ್ಟದ್ದನ್ನೂ ಮೇಲೇ ಹೇಳವ್ರೆ ಅಜ್ಜಿ. ಬಾಯಿ ಒಣಗ್ತದಂತೆ, ನಿದ್ದೆ ಬತ್ತದಂತೆ. ಗುಣ ಕಾಣೋಕೆ ಕೆಲವು ವಾರ ಬೇಕಂತೆ. ಒಂದು ಮಾತ್ರೆ ಹಿಡಿಸ್ದಿದ್ರೆ ಬೇರೆ ಐತಂತೆ. ದಿಢೀರಂತ ನಿಲ್ಲಿಸ್ಬಾರ್ದು, ಡಾಕ್ಟ್ರನ್ನ ಕೇಳ್ಬೇಕು. ಕೂತು ಮಾತಾಡಿ ವಾಸಿ ಮಾಡೋದೂ ಐತಂತೆ." ನಾನು ನೆಟ್ಟಗೆ ಕೂತೆ. ಜವಳಗಿರಿ ಕಡೆಯ ರೈತರೊಬ್ಬರು ನಮ್ಮ ಮಂಡಿಗೆ ಬರುತ್ತಿದ್ದರು. ಮಚ್ಚೆ ಬಿದ್ದ ಹಣ್ಣನ್ನು ಮೇಲೇ ಇಟ್ಟು, "ಇದ್ನ ಮೊದ್ಲು ನೋಡ್ಕೊಳಮ್ಮಾ" ಎನ್ನುತ್ತಿದ್ದರು. ಅವರ ಬುಟ್ಟಿಯನ್ನು ನಾವು ಯಾರೂ ಬೋರಲು ಹಾಕಿದ್ದಿಲ್ಲ.

ದಿವ್ಯ ಮುಂದೆ ಓದಿದಳು. "ಇದು ಸೋಮಾರಿತನ ಅಲ್ಲ, ಮನಸ್ಸು ಗಟ್ಟಿ ಇಲ್ಲ ಅಂತಲೂ ಅಲ್ಲ. ಕಾಯಿಲೆ ಬಂದೋರ ತಪ್ಪೇನೂ ಇಲ್ಲ."

ಸ್ಟೂಲಿನ ಮೇಲಿದ್ದ ತಲೆ ಮೇಲೆದ್ದಿತು. "ಅದ್ನ ಇನ್ನೊಂದ್ ಸಲ ಓದೇ" ಎಂದಳು ಸುಜಾತ. ದಿವ್ಯ ಓದಿದಳು. ಸುಜಾತಳ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಮೂರನೇ ಸಲ ಓದು ಎಂದವಳು ನಾನು. ಆ ಮಾತು ಅವಳಿಗಿಂತ ನನಗೆ ಬೇಕಾಗಿತ್ತು.

ಬ್ರಿಜೇಶ ಅಂಥದ್ದನ್ನೇ ಹಿಂದಿಯಲ್ಲಿ ಬಹಳ ಹುಡುಕಿದ. ಒಂದು ಸಿಕ್ಕಿತು, ಅರ್ಧದವರೆಗೆ ಹಿಂದಿ, ಆಮೇಲೆ ಇಂಗ್ಲಿಷು. ಅವನು ಪೆನ್ನು ಕೇಳಿ ಪಡೆದ. ದಿವ್ಯ ಇಂಗ್ಲಿಷನ್ನು ಕನ್ನಡ ಮಾಡಿದಳು, ನಾಗರಾಜ ಕನ್ನಡವನ್ನು ಹಿಂದಿ ಮಾಡಿದ, ಬ್ರಿಜೇಶ ಅಕ್ಕನಿಗೆ ಕಾಗದ ಬರೆದ. ತಳದಲ್ಲಿದ್ದ ಹೆಸರು, ದಿನಾಂಕಗಳನ್ನೂ ಬರೆಸಿದವಳು ನಾನು.

ಮರುದಿನ, ಅಂಗಡಿಯಲ್ಲೇ ಅಚ್ಚು ಹಾಕಿಸಿಕೊಂಡಿದ್ದ ಆ ಪುಟವನ್ನು ಡಾಕ್ಟರ ಮುಂದಿಟ್ಟು, ಸುಜಾತ 'ಎಲ್ಲಾ ಸಾಕು' ಎಂದದ್ದನ್ನೂ ಹೇಳಿದೆವು. ಅವರು ಸುಜಾತಳನ್ನು ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಮಾತ್ರೆಯನ್ನು ಮಲಗುವ ಹೊತ್ತಿಗೆ ಬದಲಿಸಿದರು, ವಾರ ವಾರ ಬರಲು ಹೇಳಿದರು. "ಇಷ್ಟ್ ಒಳ್ಳೇ ಪುಟ ಯಾರಮ್ಮ ಹುಡ್ಕಿದ್ದು?" ಎಂದು ಕೇಳಿದಾಗ ಎಲ್ಲರೂ ನನ್ನನ್ನು ತೋರಿಸಿದರು. "ನಾನ್ ಓದಿರೋದು ನಾಲ್ಕನೇ ಕ್ಲಾಸು ಸಾರ್" ಎಂದೆ.

ಕೆಲವು ವಾರ ಕಳೆದ ಮೇಲೆ ಒಂದು ದಿನ ಸುಜಾತ ತಲೆ ಬಾಚಿಕೊಂಡಳು. ಒಂದು ದಿನ, "ಇವತ್ತು ಯಾವ ವಾರ?" ಎಂದಳು. ಇವತ್ತು ಬೈದಳು. ಮಾತ್ರೆ ಇನ್ನೂ ನಡೆಯುತ್ತಿದೆ. ನಿಲ್ಲಿಸುವ ದಿನವನ್ನು ಡಾಕ್ಟರು ಹೇಳುತ್ತಾರೆ, ಬೀದಿಯವರಲ್ಲ. ಬ್ರಿಜೇಶನ ಅಕ್ಕನೂ ಡಾಕ್ಟರ ಹತ್ತಿರ ಹೋಗುತ್ತಿದ್ದಾಳಂತೆ. ಬೆಳಿಗ್ಗೆ ದೇವರಿಗೆ ಕೈಮುಗಿಯುವಾಗ, ಪುಟದ ತಳದಲ್ಲಿ ಹೆಸರು ಹಾಕಿದ ಆ ಮುಖ ಕಾಣದ ಡಾಕ್ಟರುಗಳಿಗೂ ಸೇರಿಸಿಯೇ ಮುಗಿದೆ.

ಸಂಜೆ ಮಂಡಿಯಿಂದ ಒಂದು ಬುಟ್ಟಿ ಮೊದಲ ದರ್ಜೆಯ ಹಣ್ಣು ತಂದೆ, ನನ್ನ ಜನ್ಮದಲ್ಲೇ ಮೊದಲ ಸಲ. ಎಲ್ಲರಿಗೂ ಕಾಣುವ ಹಾಗೆ ಅಡುಗೆಮನೆಯ ಬಾಗಿಲಲ್ಲಿ ಇಟ್ಟೆ. ಸುಜಾತ ಬಂದಳು, ಮೇಲಿನ ಹಣ್ಣನ್ನು ನೋಡಲೂ ಇಲ್ಲ. ಬುಟ್ಟಿಯನ್ನೆತ್ತಿ ನೆಲದ ಮೇಲೆ ಬೋರಲು ಹಾಕಿದಳು. ಕೆಂಪು ಹಣ್ಣುಗಳು ಮನೆ ತುಂಬ ಉರುಳಿದವು. ಅವುಗಳ ಹಿಂದೆ ತಳದಿಂದ ಮೂರು ಒಡೆದ ಹಣ್ಣುಗಳು ಬಂದು ನನ್ನ ಕಾಲ ಬಳಿ ಬಿದ್ದವು. ದೇವರಾಣೆ, ಹಾಕಿದ್ದು ನಾನಲ್ಲ. ಹಾಕಿದ್ದು ಮೂವತ್ತು ವರ್ಷದ ಅಭ್ಯಾಸದ ಕೈ.

"ಅಮ್ಮೋ, ನಿನ್ ತಳಾನೂ ನೋಡ್ದಂಗಾಯ್ತು!" ಎಂದ ನಾಗರಾಜ. ಸುಜಾತ ನಕ್ಕಳು, ಸದ್ದು ಮಾಡಿ ನಕ್ಕಳು. ಆ ಮೂರನ್ನೂ ಅವಳೇ ಸಾರಿಗೆ ಹಾಕಿದಳು. ನಾಲ್ಕು ಜನವೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತು ಮುದ್ದೆ ಮುರಿದೆವು. ಸಾರು ಬಹಳ ರುಚಿಯಾಗಿತ್ತು. "ಏನೇ ಅನ್ನು, ಒಡೆದ ಹಣ್ಣಿಗೇ ರುಚಿ..." ಎಂದು ನಾನು ಬಾಯಿ ತೆರೆದೆ. ಸುಜಾತ ಸೌಟು ಎತ್ತಿದಳು. ನಾನು ತೆರೆದ ಬಾಯಿಗೆ ಮುದ್ದೆ ಹಾಕಿಕೊಂಡೆ.