ಮಾವನ ಎಳೆತ

ಗೆಲಾಕ್ಸಿ ಎಂಬ ನಕ್ಷತ್ರಗಳ ಮಹಾಗುಂಪು ತನ್ನಷ್ಟಕ್ಕೆ ತಾನೇ ತಿರುಗುತ್ತದೆ ಎಂದು ಓದಿದವರೆಲ್ಲ ಹೇಳುತ್ತಾರೆ. ನಾನದನ್ನು ಒಪ್ಪಿದವನಲ್ಲ. ಚರ್ಚಾಸ್ಪರ್ಧೆಯಲ್ಲಿ ಶೀಲ್ಡು ಗೆದ್ದವನಿಗೆ ಒಪ್ಪುವುದೆಂದರೆ ಸೋತ ಹಾಗೆ. ಕಡೆಗೆ ಲೈಬ್ರರಿಯ ಒಂದು ವಿದೇಶಿ ಪತ್ರಿಕೆ ನನ್ನ ಪರ ಸಾಕ್ಷಿ ಹೇಳಿತು. ಗೆಲಾಕ್ಸಿ ಇನ್ನೂ ಸಡಿಲವಾದ ಅನಿಲದ ಮುದ್ದೆಯಾಗಿದ್ದಾಗ ಸುತ್ತ ಹರಡಿದ ಬೇರೆ ಮುದ್ದೆಗಳು ಅದನ್ನು ಒಂದು ಬದಿ ಹೆಚ್ಚು, ಇನ್ನೊಂದು ಬದಿ ಕಡಿಮೆ ಎಂದು ಸೊಟ್ಟಗೆ ಎಳೆಯುತ್ತವಂತೆ. ತಿರುಗಾಟ ಶುರುವಾಗುವುದೇ ಹಾಗೆ ಎಂದು ಕೆಲವರ ಊಹೆ. ಕುಗ್ಗಿ ಗಟ್ಟಿಯಾದ ಮೇಲೆ ಎಳೆತ ಅಷ್ಟು ತಾಗುವುದಿಲ್ಲ, ತಿರುಗಾಟ ಮಾತ್ರ ಉಳಿಯುತ್ತದೆ. ಓದಿ ನನಗೆ ಸಂತೋಷಕ್ಕಿಂತ ಸುಸ್ತೇ ಹೆಚ್ಚಾಯಿತು. ಜೆಪ್ಪುವಿನ ನಮ್ಮ ಮನೆಯ ಕತೆ ತಿಳಿಯಲು ಆಕಾಶದವರೆಗೆ ಹೋಗಬೇಕಿತ್ತೇ?

ನಮ್ಮದು ಅಳಿಯಸಂತಾನದ ಮನೆ. ಆಸ್ತಿ ಬರುವುದು ತಾಯಿಯ ಕಡೆಯಿಂದ, ಯಜಮಾನ ಸೋದರಮಾವ. ಅಪ್ಪ ನೆಂಟರಂತೆ ಬಂದು ಚಾ ಕುಡಿದು ಹೋಗುತ್ತಾರೆ. ಮಾವನ ಜವಳಿ ಅಂಗಡಿಗೆ ಮುಂದೆ ನಾನೇ ಎಂದು ನಾನು ತೊಟ್ಟಿಲಲ್ಲಿದ್ದಾಗಲೇ ತೀರ್ಮಾನವಾಗಿತ್ತು. ಈಗ ನೋಡಿದರೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕಿದೆ; ಸೋಮವಾರ ಸೇರದಿದ್ದರೆ ಅದು ಬೇರೆಯವರ ಪಾಲು. ಮಾವ ಬಿಡುವುದಿಲ್ಲ ಎಂದು ಮೊದಲೇ ಬಳಲಿ, ಅಂಗಡಿಗೆ ಹೋಗಿ ಗೆಲಾಕ್ಸಿಯಿಂದಲೇ ವಾದ ಹೂಡಿದೆ.

“ನಾನು ಹೀಗೆ ನಿಂತಲ್ಲಿ ನಿಲ್ಲದೆ ತಿರುಗುವವನಾದದ್ದು ಚಿಕ್ಕಂದಿನಿಂದ ಅಂಗಡಿಯತ್ತ ನಿಮ್ಮ ಎಳೆತದಿಂದ, ಮಾವ” ಎಂದು ಮುಗಿಸಿದೆ.

ಮಾವ ಪಂಚೆಗಳನ್ನು ಮಡಚುತ್ತಲೇ ಎಲ್ಲ ಕೇಳಿದ್ದರು. “ಗಟ್ಟಿಯಾದ ಮೇಲೆ ಎಳೆದರೆ ಎಂತದೂ ಆಗುವುದಿಲ್ಲ ಅಂತ ಹೇಳಿದ್ದು ನೀನೇ ಅಲ್ವಾ?”

“ಹೆಚ್ಚೇನೂ ಆಗುವುದಿಲ್ಲ.”

“ನಿನಗೆ ಮೀಸೆ ಬಂದು ಎಷ್ಟು ವರ್ಷ ಆಯ್ತು ಮಾರಾಯ? ಹೋಗು, ಕಲಿಸು. ಅಂಗಡಿಗೆ ನಿನ್ನ ತಮ್ಮ ಇದ್ದಾನೆ. ಅವನಿಗೆ ವ್ಯಾಪಾರದಲ್ಲಿ ಆಸೆ ಉಂಟು, ಬಾಯಿ ಕಡಿಮೆ.”

ಎದುರಾಳಿ ಒಪ್ಪಿಬಿಟ್ಟರೆ ಏನು ಮಾಡಬೇಕೆಂದು ಯಾವ ಚರ್ಚಾಕೂಟದಲ್ಲೂ ಹೇಳಿಕೊಡುವುದಿಲ್ಲ. ಬಾಗಿಲು ತೆರೆದೇ ಇತ್ತು, ನನ್ನ ಕಾಲು ಏಳಲಿಲ್ಲ. ಅಡ್ಡಗಾಲು ಹಾಕುವವರು ಇದ್ದಷ್ಟು ದಿನ ನಾನು ಬಹಳ ಒಳ್ಳೆಯ ಮೇಷ್ಟ್ರು. ಇನ್ನು ನಿಜವಾಗಿ ಹುಡುಗರ ಎದುರು ನಿಲ್ಲಬೇಕು. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. ನನ್ನ ಕೈ ತಾನಾಗಿ ಅಳತೆಕೋಲನ್ನು ಎತ್ತಿಕೊಂಡಿತು. ಮಾವ ಅದನ್ನು ಮೆಲ್ಲಗೆ ಬಿಡಿಸಿಕೊಂಡು ಗಿರಾಕಿಯತ್ತ ತಿರುಗಿದರು.

ಅವರ ಬೆನ್ನಿಗೇ ಕೇಳಿದೆ: “ಮಾವ, ಸೋಮವಾರ ಕ್ಲಾಸಿನಲ್ಲಿ ನಾನು ತಡವರಿಸಿದರೆ ಇನ್ನು ಯಾರನ್ನು ದೂರುವುದು?”