ಹತ್ತಕ್ಕೆ ಮೂರು ಬಿದ್ದ ಕಡತ

ಅಂಕಣ್ಣನ ಗ್ರಹಚಾರ ಶುರುವಾದದ್ದು ಒಂದು ಷರಾದಿಂದ. ಹಿಂದಿನ ಸಂಜೆ ಮನೆಗೆ ಹೊರಡುವ ಅವಸರದಲ್ಲಿ ಅವನು ಒಂದು ಕಡತಕ್ಕೆ ಹತ್ತಕ್ಕೆ ಮೂರು ಅಂಕ ಕೊಟ್ಟು, ಕೆಳಗೆ 'ಇದನ್ನು ಬರೆದವರು ಯಂತ್ರಕ್ಕೆ ಬುದ್ಧಿ ಹೇಳುವ ಮೊದಲು ತಾವು ಸ್ವಲ್ಪ ತಂದುಕೊಳ್ಳುವುದು ಒಳ್ಳೆಯದು' ಎಂದು ಬರೆದಿದ್ದ. ಬರೆದು, ತನ್ನ ಜಾಣತನಕ್ಕೆ ತಾನೇ ನಕ್ಕು, ಕಂಪ್ಯೂಟರ್ ಆರಿಸಿ ಹೋಗಿದ್ದ.

ಅದು ಬಸ್ಸಿನ ಸೀಟು ಕಾದಿರಿಸುವ ತಂತ್ರಾಂಶ ತಯಾರಿಸುವ ಕಚೇರಿ. ಮೊದಲು ಅಲ್ಲಿ ಸಾಲುಸಾಲು ಜನ ಕೂತು ಪ್ರೋಗ್ರಾಂ ಬರೆಯುತ್ತಿದ್ದರು. ಈಗ ಎಐ ಬರೆಯುತ್ತದೆ. ಅದನ್ನು ಎಲ್ಲರೂ ಯಂತ್ರ ಎಂದೇ ಕರೆಯುತ್ತಾರೆ. ಅಳಿದುಳಿದ ನಾಲ್ಕಾರು ಮನುಷ್ಯರ ಕೆಲಸವೆಂದರೆ ಆ ಯಂತ್ರಕ್ಕೆ ಸೂಚನೆಯ ಕಡತ ಬರೆಯುವುದು. ಯಾವ ಕೆಲಸಕ್ಕೆ ಕೈಹಾಕುವ ಮುಂಚೆಯೂ ಯಂತ್ರ ಅದನ್ನು ಓದಿಕೊಳ್ಳುತ್ತದೆ. ಕಡತ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡುವವನು ಅಂಕಣ್ಣ. ಎಲ್ಲ ಕಡತಗಳನ್ನೂ ಒಂದೊಂದಾಗಿ ಯಂತ್ರಕ್ಕೆ ಓದಿಸಿ, ಒಂದೇ ಕೆಲಸ ಕೊಟ್ಟು, ಹತ್ತು ತಪಾಸಣೆಗಳಲ್ಲಿ ಎಷ್ಟು ದಾಟಿತೆಂದು ನೋಡಿ ಅಂಕ ಕೊಡುತ್ತಿದ್ದ. ಪಕ್ಷಪಾತ ಆಗಬಾರದೆಂದು ಬರೆದವರ ಹೆಸರು ಮುಚ್ಚಿರುತ್ತಿತ್ತು.

ಬೆಳಿಗ್ಗೆ ಮೇಲಧಿಕಾರಿ ಹೆಸರು ತೆರೆದು, ಪಟ್ಟಿಯನ್ನು ಗೋಡೆಯ ಪರದೆಯ ಮೇಲೆ ಹಾಕಿದರು. ಕಟ್ಟಕಡೆಯ ಮೂರು ಅಂಕದ ಎದುರಿಗೆ ಇದ್ದದ್ದು ಅಂಕಣ್ಣನ ಹೆಂಡತಿಯ ತಮ್ಮನ ಹೆಸರು. ಅವನನ್ನು ಕಾಡಿ ಬೇಡಿ ಈ ಕೆಲಸಕ್ಕೆ ಸೇರಿಸಿದವನೂ ಅಂಕಣ್ಣನೇ.

"ಮೇಲಿನಿಂದ ಹೇಳಿದ್ದಾರೆ. ಒಬ್ಬರನ್ನ ಕಡಿಮೆ ಮಾಡ್ಬೇಕಂತೆ," ಎಂದರು ಮೇಲಧಿಕಾರಿ, ಕಿಟಕಿ ಹಾಕಿ ಎನ್ನುವಷ್ಟೇ ಮೆಲುದನಿಯಲ್ಲಿ. "ಸಂಜೆ ತನಕ ಯಾರು ಬೇಕಾದ್ರೂ ತಮ್ಮ ಕಡತ ತಿದ್ದಿ ಮತ್ತೆ ಪರೀಕ್ಷೆಗೆ ಹಾಕ್ಬಹುದು. ಕೊನೇ ಪರೀಕ್ಷೆಯ ಅಂಕ ಲೆಕ್ಕಕ್ಕೆ. ಆಮೇಲೆ ನಾನು ನೋಡ್ತೀನಿ."

ಎಲ್ಲರೂ ಗೋಡೆಯ ಕಡೆ ನೋಡಿದರು. ಹಿಂದೆ ಕೆಲಸ ಕಳೆದುಕೊಂಡು ಹೋದವರ ಕುರ್ಚಿಗಳನ್ನು ಅಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದರು.

ಭಾವಮೈದ ಬಂದು ಅಂಕಣ್ಣನ ಮೇಜಿಗೆ ಒರಗಿ ನಿಂತ. "ಭಾವ, ಆ ಷರಾ ನನ್ನ ಮೇಲೇ ಬರೆದ್ರಾ?"

"ಹೆಸರು ಮುಚ್ಚಿತ್ತು ಮಾರಾಯ, ನಂಗೇನು ಕನಸು ಬಿದ್ದಿತ್ತಾ?"

"ನನ್ನ ಹೆಂಡ್ತಿಗೆ ಒಂಬತ್ತು ತಿಂಗಳು ತುಂಬಿದೆ ಭಾವ. ಹೆರಿಗೆ ಇವತ್ತೋ ನಾಳೆಯೋ ಅಂತಿದ್ದಾರೆ. ನೀವೇ ತಿದ್ದಿಕೊಡಿ," ಎಂದವನೇ ತನ್ನ ಕಡತದ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಗೀಚಿ ಕೊಟ್ಟು, ಬಚ್ಚಲಿನ ಕಡೆಗೆ ನಡೆದ. ಅವನು ಅಳಲು ಹೋದದ್ದು ಎಲ್ಲರಿಗೂ ಗೊತ್ತಾಯಿತು.

ಅಷ್ಟರಲ್ಲಿ ಅಂಕಣ್ಣನಿಗೆ ಹೆಂಡತಿಯ ಫೋನು. "ಏನ್ರೀ, ನನ್ನ ತಮ್ಮನ ಹೊಟ್ಟೆ ಮೇಲೆ ಹೊಡೆಯೋಕೆ ನಿಮಗೆ ಕೈ ಆದ್ರೂ ಹೇಗೆ ಬಂತು? ಬುದ್ಧಿ ತಂದುಕೊಳ್ಳಬೇಕಂತಾ ಅವನು? ಸಂಜೆ ಅವನ ಕೆಲಸ ಹೋಯ್ತು ಅಂದ್ರೆ ನೀವೂ ಈ ಮನೆ ಕಡೆ ತಲೆ ಹಾಕಬೇಡಿ."

ಪರೀಕ್ಷಕನೇ ಇನ್ನೊಬ್ಬರ ಕಡತ ತಿದ್ದಿದ್ದು ಗೊತ್ತಾದರೆ ಇಬ್ಬರಿಗೂ ಅಂದೇ ಗೇಟ್‌ಪಾಸ್. ಆದರೂ ಅಂಕಣ್ಣ ಅತ್ತಿತ್ತ ನೋಡಿ ಭಾವಮೈದನ ಕಡತ ತೆರೆದ. ಅದು ಮುಗಿಯುವ ಲಕ್ಷಣವೇ ಕಾಣಲಿಲ್ಲ. 'ಜಾಗ್ರತೆಯಿಂದ ಕೆಲಸ ಮಾಡು.' 'ತಪ್ಪು ಮಾಡಬೇಡ.' 'ಹೋದ ಸಲ ಮಾಡಿದ ಹಾಗೆ ಈ ಸಲ ಮಾಡಬೇಡ.' ಯಂತ್ರಕ್ಕೆ ಹೋದ ಸಲದ್ದು ನೆನಪೇ ಇರುವುದಿಲ್ಲ. ಪ್ರತಿ ಸಲವೂ ಅದು ಆಗತಾನೇ ಕೆಲಸಕ್ಕೆ ಸೇರಿದಂತೆ ಬರುತ್ತದೆ. ಇಂಥ ಕಡತಕ್ಕೆ ಮೂರು ಬಂದದ್ದೇ ಹೆಚ್ಚು ಎಂದು ಅಂಕಣ್ಣನಿಗೆ ಮತ್ತೊಮ್ಮೆ ಅನ್ನಿಸಿ, ತನ್ನ ಮೇಲೇ ಸಿಟ್ಟು ಬಂತು.

"ಏನ್ ಮಾಡ್ತಿದ್ದೀಯಪ್ಪ ಕದ್ದುಮುಚ್ಚಿ?" ಬೆನ್ನ ಹಿಂದೆ ನಿಯಮದಕ್ಕ. ಕಚೇರಿಯಲ್ಲಿ ಯಾವ ಅನಾಹುತವಾದರೂ ಮಾರನೆಯ ದಿನ ತನ್ನ ಕಡತಕ್ಕೆ ಒಂದು ನಿಯಮ ಸೇರಿಸುವ ಹಿರಿಯ ಸಹೋದ್ಯೋಗಿ ಆಕೆ.

"ಏನಿಲ್ಲಕ್ಕ..."

"ನಂಗೆಲ್ಲಾ ಗೊತ್ತು. ನಾನ್ಯಾರಿಗೂ ಹೇಳಲ್ಲ, ಹೆದರ್ಬೇಡ. ಆ ಹುಡುಗ ನನಗೂ ತಮ್ಮ ಇದ್ದ ಹಾಗೆ. ನನ್ನ ನಿಯಮಗಳನ್ನ ಅದಕ್ಕೆ ಸೇರಿಸು. ಹಾಕು, ಹಾಕು."

ಬೇಡ ಎಂದರೆ ಆಕೆ ಬಾಯಿ ಬಿಟ್ಟಾಳೆಂಬ ಭಯ. ಹಾಕಿದ. ಪರೀಕ್ಷೆಯ ಕೆಲಸ ಇಷ್ಟೇ: ತಂತ್ರಾಂಶ ಕೆಲವೊಮ್ಮೆ ಒಂದೇ ಸೀಟನ್ನು ಇಬ್ಬರಿಗೆ ಕೊಡುತ್ತಿತ್ತು, ಅದನ್ನು ಸರಿಪಡಿಸಬೇಕು. ನಿಯಮದಕ್ಕನ ನಿಯಮಗಳನ್ನು ಓದಿಕೊಂಡ ಯಂತ್ರ ಯಾರಿಗೂ ಸೀಟೇ ಸಿಗದಂತೆ ಮಾಡಿಟ್ಟಿತು. ಅಂಕ ಎರಡಕ್ಕೆ ಇಳಿಯಿತು.

ಗುಟ್ಟು ಅಲ್ಲಿಗೇ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಬಂದರು. ಹಿಂದೆ ಪಾಠ ಹೇಳುತ್ತಿದ್ದವರು, ಉದಾಹರಣೆ ಇಲ್ಲದೆ ಒಂದು ಲೋಟ ನೀರೂ ಕೇಳದವರು. "ಉದಾಹರಣೆ ಎಲ್ರೀ? ಉದಾಹರಣೆ ಇಲ್ದೆ ಅದಕ್ಕೆ ಹೇಗೆ ತಲೆಗೆ ಹತ್ತಬೇಕು?" ಎಂದು ಕುರ್ಚಿ ಎಳೆದುಕೊಂಡು ಕೂತು, ಒಂದಾದ ಮೇಲೊಂದು ಹೇಳಿ ಬರೆಸಿದರು. ಯಂತ್ರ ಆ ಉದಾಹರಣೆಗಳನ್ನೆಲ್ಲ ನಿಜವಾದ ಪ್ರಯಾಣಿಕರೆಂದು ತಿಳಿದು ಅವರಿಗೆ ಸೀಟು ಹಂಚಿತು. ಅಂಕ ಒಂದು.

"ಸಂದೇಹ ಬಂದ್ರೆ ಮೊದ್ಲು ನನ್ನ ಕೇಳ್ಬೇಕು ಅಂತ ಒಂದು ಸಾಲು ಹಾಕಪ್ಪ," ಎಂದಳು ನಿಯಮದಕ್ಕ. ಹಾಕಿದ ಮೇಲೆ ಯಂತ್ರಕ್ಕೆ ಎಲ್ಲದರಲ್ಲೂ ಸಂದೇಹ ಬಂತು. ಅಕ್ಕನನ್ನು ಕೇಳುವ ದಾರಿ ಕಾಣದೆ, ಕೆಲಸ ಮುಟ್ಟದೆ ಸುಮ್ಮನೆ ಕೂತುಬಿಟ್ಟಿತು. ಸೊನ್ನೆ.

ಗೋಡೆಯ ಪರದೆಯ ಮೇಲೆ ಆ ಸೊನ್ನೆ ಕಂಡು ಇಬ್ಬರು ಉಪಕಾರಿಗಳೂ ಮೆಲ್ಲಗೆ ತಮ್ಮ ತಮ್ಮ ಜಾಗಕ್ಕೆ ಜಾರಿಕೊಂಡರು. ತಮ್ಮ ಕಡತ ಇನ್ನು ಕಟ್ಟಕಡೆಗೆ ಬೀಳುವುದಿಲ್ಲ ಎಂಬ ನೆಮ್ಮದಿ ಅವರ ನಡಿಗೆಯಲ್ಲೇ ಕಾಣುತ್ತಿತ್ತು. ಕೆಂಪು ಕಣ್ಣಿನ ಭಾವಮೈದ ಬಚ್ಚಲಿಂದ ಹೊರಬಂದು, ಪರದೆ ನೋಡಿ, ಮತ್ತೆ ಒಳಗೆ ಹೋದ.

ಅಂಕಣ್ಣನಿಗೆ ರೇಗಿತು. ಅಕ್ಕನ ನಿಯಮಗಳನ್ನೂ ಮೇಷ್ಟರ ಉದಾಹರಣೆಗಳನ್ನೂ ಒಟ್ಟಿಗೆ ಕಿತ್ತೆಸೆದ. 'ಜಾಗ್ರತೆ' ಅಳಿಸಿದ, ನಾಲ್ಕಾಯಿತು. 'ತಪ್ಪು ಮಾಡಬೇಡ' ಅಳಿಸಿದ, ಐದಾಯಿತು. ಆಮೇಲೆ ಕೈ ನಿಲ್ಲಲಿಲ್ಲ. ಕಳೆ ಕೀಳುವವನಂತೆ ಪುಟಪುಟವನ್ನೇ ಕಿತ್ತ. ಕಿತ್ತಷ್ಟೂ ಅಂಕ ಏರಿತು. ಕೊನೆಗೆ ತನ್ನ ಅನುಭವವನ್ನೆಲ್ಲ ಬಸಿದು ಎರಡೇ ಸಾಲು ಉಳಿಸಿದ: ಸೀಟಿನ ಲೆಕ್ಕ ಇರುವುದು ಇಂಥ ಕಡೆ, ಕೆಲಸ ಮುಗಿದ ಮೇಲೆ ಇಂಥ ತಪಾಸಣೆ ನಡೆಸಿ ನೋಡು.

ಹತ್ತಕ್ಕೆ ಹತ್ತು. ಆ ಕಚೇರಿಯಲ್ಲಿ ಯಾರಿಗೂ ಬಂದಿರದ ಅಂಕ ಅದು. ಅಂಕಣ್ಣ ಕಣ್ಣೊರೆಸಿಕೊಂಡ. ಇಷ್ಟು ದಿನ ಬೇರೆಯವರ ತಪ್ಪನ್ನಷ್ಟೇ ಹುಡುಕಿದವನು, ಇವತ್ತು ತಾನೇ ಒಂದು ಒಳ್ಳೆಯ ಕೆಲಸ ಮಾಡಿದ್ದ.

ಸಂಜೆ ಮೇಲಧಿಕಾರಿ ಅಂಕಣ್ಣನನ್ನೂ ಭಾವಮೈದನನ್ನೂ ಒಳಗೆ ಕರೆದರು. ಎರಡು ಸಾಲಿನ ಕಡತವನ್ನು ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದರು.

"ಬೆಳಿಗ್ಗೆ ಮೂರು, ಸಂಜೆ ಹತ್ತು. ಇದು ನೀವೇ ಮಾಡಿದ್ದಾ?"

ಭಾವಮೈದ ಭಾವನ ಮುಖ ನೋಡಿದ. ಅಂಕಣ್ಣ ನೆಲ ನೋಡಿದ. "ಹೌದು ಸಾರ್," ಎಂದ ಭಾವಮೈದ.

"ಬೇಡದ್ದು ಯಾವುದು ಅಂತ ಗುರುತಿಸೋ ಕಣ್ಣು ನಿಮಗಿದೆ. ಇಂಥ ಕಣ್ಣು ಇರಬೇಕಾದ್ದು ಕಡತ ಬರೆಯೋ ಜಾಗದಲ್ಲಲ್ಲ, ಪರೀಕ್ಷೆ ಮಾಡೋ ಜಾಗದಲ್ಲಿ. ನಾಳೆಯಿಂದ ನೀವೇ ಪರೀಕ್ಷಕರು." ಮೇಲಧಿಕಾರಿ ಅಂಕಣ್ಣನ ಕಡೆ ತಿರುಗಿದರು. ದನಿ ಅಷ್ಟೇ ಮೆತ್ತಗಿತ್ತು. "ಹೇಗೂ ಒಬ್ಬರನ್ನ ಕಡಿಮೆ ಮಾಡ್ಬೇಕಿತ್ತು. ಇಬ್ಬರು ಪರೀಕ್ಷಕರು ನಮಗೆ ಹೆಚ್ಚಾಯ್ತು. ಇಷ್ಟೊಳ್ಳೆ ಪ್ರತಿಭೆಗೆ ನೀವು ಬುದ್ಧಿ ತಂದುಕೋ ಅಂತ ಷರಾ ಬೇರೆ ಬರೆದಿದ್ದೀರಿ."

ಅಂಕಣ್ಣ ಬಾಯಿ ತೆರೆದ. ನಿಜ ಹೇಳಿದರೆ ಇಬ್ಬರೂ ಹೊರಗೆ, ಹೇಳದಿದ್ದರೆ ತಾನೊಬ್ಬನೇ. ಒಂಬತ್ತು ತುಂಬಿದ ಆ ಹೆಣ್ಣುಮಗಳ ನೆನಪಾಯಿತು. ಬಾಯಿ ಮುಚ್ಚಿದ.

ಅವನು ಮೇಜಿಗೆ ಬಂದು ತನ್ನ ಕನ್ನಡಕದ ಡಬ್ಬಿ, ನೀರಿನ ಬಾಟಲಿ ಚೀಲಕ್ಕೆ ತುಂಬುತ್ತಿದ್ದಾಗ ಫೋನು ಬಂತು. ಹೆಂಡತಿ ಸಂತೋಷಕ್ಕೆ ತೊದಲುತ್ತಿದ್ದಳು. "ತಮ್ಮ ಈಗಷ್ಟೇ ಫೋನ್ ಮಾಡಿದ್ದ ಕಣ್ರೀ! ಬಡ್ತಿಯಂತೆ! ನೋಡಿದ್ರಾ, ಸ್ವಂತ ಬುದ್ಧಿಯಿಂದ ಮೇಲೆ ಬಂದ. ಬೇಗ ಬನ್ನಿ ಮನೆಗೆ. ನಿಮ್ಮ ಕಡೆಯಿಂದ ಏನೂ ಆಗ್ಲಿಲ್ಲ ಅಂತ ನಾನೇನೂ ಅನ್ನಲ್ಲ."

"ಬರ್ತೀನಿ," ಎಂದ ಅಂಕಣ್ಣ.

ಭಾವಮೈದ ಹಿಂದೆಯೇ ಬಂದು ನಿಂತಿದ್ದ. ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ. ಅಂಕಣ್ಣನ ಕೈ ಹಿಡಿದುಕೊಂಡ.

"ಭಾವ, ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ. ಇನ್ನೊಂದೇ ಒಂದು ಮಾಡಿ. ಕಡತ ನೋಡಿ ಹೇಗೆ ಅಂಕ ಕೊಡ್ಬೇಕು ಅಂತ ನಂಗೆ ಒಂದು ಸೂಚನೆ ಬರೆದಿಟ್ಟು ಹೋಗಿ. ಸ್ವಲ್ಪ ವಿವರವಾಗೇ ಬರೀರಿ. ಎರಡು ಸಾಲಲ್ಲಿ ಹೇಳಿದ್ರೆ ನಂಗೆ ತಿಳಿಯಲ್ಲ."

ಅಂಕಣ್ಣ ಚೀಲ ಕೆಳಗಿಟ್ಟು, ಮತ್ತೆ ಕುರ್ಚಿಯ ಮೇಲೆ ಕೂತು ಬರೆಯತೊಡಗಿದ.