ಸೋದರತ್ತೆಯ ರಕ್ತ ಸೋಸಿದ್ದು

ನಮ್ಮ ಸೋದರತ್ತೆಗೆ ಕಾಯಿಲೆಯೇ ಬರುತ್ತಿರಲಿಲ್ಲ. ಬರಲು ಕಾಯಿಲೆಗೂ ಧೈರ್ಯ ಬೇಡವೇ!

ಸಾಲಿಗ್ರಾಮದ ಹತ್ತಿರ ಅವಳದೊಂದು ಆಲೆಮನೆ. ಕುದಿಯುವ ಕಬ್ಬಿನ ಹಾಲಿಗೆ ಬೆಂಡೆಗಿಡದ ಲೋಳೆ ಬಿಟ್ಟು, ಮೇಲೆದ್ದ ಮಡ್ಡಿಯನ್ನು ತೆಗೆದೂ ತೆಗೆದೂ, ಲೋಕದಲ್ಲಿ ಎಲ್ಲಕ್ಕೂ ಮಡ್ಡಿ ಇದೆಯೆಂದು ನಂಬಿಬಿಟ್ಟಿದ್ದಳು. ಮದುವೆಮನೆಯ ಪಾಯಸವನ್ನೂ ಸೆರಗಿನಲ್ಲಿ ಸೋಸಿ ಕುಡಿದವಳು! "ಗೋಡಂಬಿಯೆಲ್ಲ ಹೋಯ್ತಲ್ಲತ್ತೆ" ಎಂದರೆ, "ಓದ್ರೆ ಓಗ್ಲಿ ಬುಡ್ಲಾ, ಅಡುಗೆಯೋನ ಬೀಡಿ ಬೂದಿನೂ ಓಯ್ತಲ್ಲ!" ಎಂದಳು.

ಇಂಥವಳ ಕಾಲಿಗೆ, ಕಟಾವಾದ ಗದ್ದೆಯಲ್ಲಿ ಉಳಿದ ಕಬ್ಬಿನ ಕೂಳೆ ಚುಚ್ಚಿತು. ಗಾಯಕ್ಕೆ ಬೆಲ್ಲ-ಸುಣ್ಣ ಮೆತ್ತಿಕೊಂಡಳು. ಆಸ್ಪತ್ರೆಗೆ ನಡಿ ಎಂದೆ. "ನಮ್ ಬೆಲ್ಲದ ಮ್ಯಾಲೆ ನಂಬ್ಕೆ ಇಲ್ವೇನ್ಲಾ?" ನಾನು ಹುಣಸೂರಿನಲ್ಲಿ ಹಳೆ ಪಂಪ್‌ಸೆಟ್ ಮಾರಿ ಮೇಲೆ ಬಂದವನು. ಎಂಥವರನ್ನೂ ಮಾತಿನಲ್ಲಿ ಬಗ್ಗಿಸಬಲ್ಲೆ, ಅತ್ತೆಯನ್ನಲ್ಲ! ನೀವಾದರೂ ಕೇಳಿ ಸ್ವಾಮಿ: ಬೆಲ್ಲ ಬಾಯಿಗೆ, ಸುಣ್ಣ ಎಲೆಗೆ, ಗಾಯ ಡಾಕ್ಟರಿಗೆ.

ಕಾಲು ಊದಿತು, ಮೈ ನಡುಗಿತು. ಮೈಸೂರಿನ ಆಸ್ಪತ್ರೆ ಸೇರುವಾಗ ಬಿ.ಪಿ. ನೆಲ ಕಚ್ಚಿತ್ತು.

"ನಂಜು ರಕ್ತಕ್ಕಿಳಿದಿದೆ" ಎಂದರು ಡಾಕ್ಟರು. "ಕ್ರಿಮಿಗೆ ಔಷಧಿ ಕೊಡ್ತಿದ್ದೀವಿ. ಆದರೆ ಕ್ರಿಮಿಯ ವಿಷಕ್ಕೆ ಬೆದರಿ ದೇಹವೇ ಏನೇನೋ ಸುರಿಸಿಕೊಂಡಿದೆ. ಅದೇ ಈಗ ಪ್ರಾಣಕ್ಕೆ ಕೂತಿದೆ. ರಕ್ತವನ್ನ ಹೊರಗೆ ತಂದು, ಅದನ್ನೆಲ್ಲ ಹಿಡಿದಿಟ್ಟುಕೊಳ್ಳೋ ಫಿಲ್ಟರಿನಲ್ಲಿ ಹಾಯಿಸಿ, ವಾಪಸ್ ಬಿಡೋ ಹೊಸ ವಿಧಾನ ಒಂದಿದೆ."

"ಗ್ಯಾರಂಟಿ?" ಎಂದೆ. ಹಳೆ ಮೋಟರಿಗೇ ನಾನು ಗ್ಯಾರಂಟಿ ಕೊಡುತ್ತೇನೆ!

"ಇಲ್ಲ. ಕೆಲವರಿಗೆ ಹಿಡಿಯುತ್ತೆ, ಕೆಲವರಿಗೆ ಇಲ್ಲ."

ಹುಟ್ಟಿದಾಗಿನಿಂದ ಮೊದಲ ಸಲ ಚೌಕಾಸಿ ಮಾಡದೆ ಹೂಂ ಎಂದೆ.

ಅಷ್ಟರಲ್ಲಿ ಮಂಚದಿಂದ ಕ್ಷೀಣ ದನಿ. "ನನ್ ಮೈಯೇ ನಂಗೆ ವಿಷ ಆಕ್ತದಾ? ತೆಗೀರಿ! ಅದೇನ್ ಮಡ್ಡಿ ಬತ್ತದೋ ನನ್ ಕಣ್ಗೆ ತೋರ್ಸು ಡಾಕ್ಟ್ರಪ್ಪ."

"ಕಣ್ಣಿಗೆ ಕಾಣಲ್ಲಮ್ಮ."

"ಕಾಣ್ದಿದ್ಮೇಲೆ ತೆಗ್ದೆ ಅಂತ ಎಂಗ್ ನಂಬನಾ? ಆಲೆಮನೇಲಿ ಇಂಗಂದಿದ್ರೆ ಕೂಲಿ ಕೊಡ್ತಿರ್ನಿಲ್ಲ!"

ಡಾಕ್ಟರು ನಕ್ಕರು, ನಾನೂ ನಕ್ಕೆ. ಬಿ.ಪಿ. ಮಾತ್ರ ಏಳಲಿಲ್ಲ.

ಯಂತ್ರ ತಿರುಗತೊಡಗಿತು. ಕೊಳವೆಯಲ್ಲಿ ಅತ್ತೆಯ ರಕ್ತ ಹೊರಗೆ ಹೋಗಿ ಒಳಗೆ ಬರುತ್ತಿತ್ತು. ಸಾವಿರ ಪಂಪು ನೋಡಿದವನಿಗೆ ಆ ಪುಟ್ಟ ಪಂಪಿನ ಮುಂದೆ ಏನೂ ಕೆಲಸವಿರಲಿಲ್ಲ. ಅವಳ ಅಂಗೈ ಹಿಡಿದು ಕೂತೆ. ಬಾವಿನೀರಿನಷ್ಟು ತಣ್ಣಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅಂಗೈಗೆ ಸ್ವಲ್ಪ ಬಿಸಿ ಬಂತು. ಕಣ್ಣು ತೆರೆದಳು.

"ಬುಡ್ಲಾ ಕೈಯ. ಯಾರಾರ ನೋಡ್ಬುಟ್ಟಾರು."

ಬಿಡಲಿಲ್ಲ. ಅವಳು ಕೈ ಎಳೆದುಕೊಂಡಳು. ಆ ಎಳೆತದಲ್ಲಿ ಕಸುವಿತ್ತು.

"ಎಳಿ ಅತ್ತೆ," ಎಂದೆ, ಮತ್ತೆ ಕೈ ಹಿಡಿದು. "ಇನ್ನೂ ಜೋರಾಗಿ ಎಳಿ."